ಚೇತಕದಿಂದ ಪ್ರಚಂಡದವರೆಗೆ: ಬೆಂಗಳೂರಿನ ಸರ್ವೋಪಯೋಗಿ ಹೆಲಿಕಾಪ್ಟರುಗಳ ಇತಿಹಾಸ

ಪುಣೆಯ ವಾಕಡದ ಮಗ್ಗುಲಲ್ಲಿ ಹಾದುಹೋಗುವ ಮುಂಬಯಿ-ಬೆಂಗಳೂರು ಹೆದ್ದಾರಿಯು ದಕ್ಷಿಣಾಭಿಮುಖವಾಗಿ ಸಾಗಿ, ಕೊಲ್ಲಾಪುರ, ಬೆಳಗಾವಿ, ಧಾರವಾಡಗಳನ್ನು ದಾಟಿ ತುಮಕೂರನ್ನು ಮುಟ್ಟುತ್ತದೆ. ತುಮಕೂರಿಗೆ ಪಶ್ಚಿಮದಲ್ಲಿ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲೆಂಬಲ್ಲಿ, ಹೆಸರೇ ಹೇಳುವಂತೆ ಹಿಂದೆ ಹುಲ್ಲುಗಾವಲಾಗಿದ್ದ 615 ಎಕರೆ ನೆಲದಲ್ಲಿ, 2023ರ ಫೆಬ್ರವರಿ 6ರಂದು ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರು ಕಾರ್ಖಾನೆಯೊಂದು ಉದ್ಘಾಟಿತವಾಯಿತು. ಅಲ್ಲಿ ನಿರ್ಮಿಸಲೆಂದು ಮೊದಲು ಗೊತ್ತುಮಾಡಿದ ಯಂತ್ರದ ಹೆಸರು ‘ಲಘು ಸರ್ವೋಪಯೋಗಿ ಹೆಲಿಕಾಪ್ಟರು’. ಸರ್ವೋಪಯೋಗಿ ಎಂಬ ಈ ವಿಶೇಷಣವು ಕೇಳಲು ಸರಳವಾಗಿದೆ. ಆದರೆ ಅದರ ಹಿಂದೆ ಕನ್ನಡನಾಡಿನ ನೆಲದಲ್ಲಿಯೇ ಆರು ದಶಕಗಳ ಪ್ರಯೋಗ, ಪ್ರಮಾದ ಮತ್ತು ಪರಿಶ್ರಮಗಳ ಇತಿಹಾಸವಿದೆ.

ಸೈನ್ಯದಲ್ಲಿ ಒಂದೇ ಹೆಲಿಕಾಪ್ಟರಿನಿಂದ ಶತ್ರುವಿನ ಚಲನವಲನಗಳ ವೀಕ್ಷಣೆ, ಸೈನಿಕರ ಸಾಗಣೆ, ಗಾಯಾಳುಗಳ ರಕ್ಷಣೆ, ಆಹಾರಧಾನ್ಯಗಳ ಪೂರೈಕೆ, ಕೆಲವೊಮ್ಮೆ ಶತ್ರುವಿನ ಮೇಲೆ ದಾಳಿ, ಇವೆಲ್ಲವನ್ನೂ ಅಪೇಕ್ಷಿಸುವುದುಂಟು. ಈ ಅಪೇಕ್ಷೆ ಎಲ್ಲಿಯವರೆಗೆ ಸಾಧು, ಎಲ್ಲಿ ಅದು ಯಂತ್ರದ ಶಕ್ತಿಯನ್ನೂ ಮನುಷ್ಯರ ಪ್ರಾಣವನ್ನೂ ಮೀರಿ ನಿಲ್ಲುತ್ತದೆ ಎಂಬುದೇ ಈ ಇತಿಹಾಸದ ಮುಖ್ಯ ಪ್ರಶ್ನೆಯಾಗಿದೆ.

ಭಾರದ ಲೆಕ್ಕ

ಯುದ್ಧಭೂಮಿಯಲ್ಲಿ ಹೆಲಿಕಾಪ್ಟರು ಮಾಡಿದ ಮೊದಲ ರಕ್ಷಣಾಕಾರ್ಯವು ಭಾರತದ ಪೂರ್ವದ ಗಡಿಯ ಆಚೆಗೇ ನಡೆಯಿತೆಂಬುದನ್ನು ಲಕ್ಷಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರ ಏಪ್ರಿಲಿನಲ್ಲಿ, ಬರ್ಮಾದ ಕಾಡಿನಲ್ಲಿ ವಿಮಾನವೊಂದು ಕೆಳಗಿಳಿದು, ಅದರ ಚಾಲಕನೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರೂ ಜಪಾನೀಯರ ನಡುವೆ ಸಿಕ್ಕಿಕೊಂಡರು. ಅಮೆರಿಕದ ಸಿಕೋರ್ಸ್ಕಿ ಆರ್-4 ವರ್ಗದ ಹೆಲಿಕಾಪ್ಟರನ್ನು ಅಸ್ಸಾಮಿನ ನೆಲೆಯಿಂದ ಅಲ್ಲಿಗೆ ಹಾರಿಸಿಕೊಂಡು ಹೋದ ಕಾರ್ಟರ್ ಹಾರ್ಮನ್ ಎಂಬ ಅಧಿಕಾರಿಯು ನಾಲ್ವರನ್ನೂ ಉಳಿಸಿದನು. ಆದರೆ ಬಿಸಿಲ ಧಗೆಯಲ್ಲಿ ಆ ಯಂತ್ರ ಹೊರಬಲ್ಲುದು ಚಾಲಕನಲ್ಲದೆ ಮತ್ತೊಬ್ಬನನ್ನು ಮಾತ್ರವಾದುದರಿಂದ, ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ತರಬೇಕಾಯಿತು.

ಈ ಸಣ್ಣ ಘಟನೆಯಲ್ಲಿ ಮುಂದಿನ ಎಲ್ಲ ಇತಿಹಾಸದ ಬೀಜವಿದೆ. ವಿಮಾನವು ಮುಂದಕ್ಕೆ ಧಾವಿಸುವುದರಿಂದ ಅದರ ರೆಕ್ಕೆಗಳು ಎತ್ತುವಿಕೆಯನ್ನು ಪಡೆಯುತ್ತವೆ. ಹೆಲಿಕಾಪ್ಟರಾದರೋ ನಿಂತಲ್ಲಿಯೇ ತನ್ನ ತಿರುಗುವ ರೆಕ್ಕೆಗಳಿಂದ ಗಾಳಿಯನ್ನು ಕೆಳಕ್ಕೆ ತಳ್ಳಿ ತನ್ನನ್ನು ತಾನೇ ಎತ್ತಿಕೊಳ್ಳಬೇಕು. ಗಾಳಿ ಬಿಸಿಯಾದಷ್ಟೂ, ಎತ್ತರ ಹೆಚ್ಚಿದಷ್ಟೂ ಅದು ತೆಳುವಾಗುತ್ತದೆ. ಆರು ಸಾವಿರ ಮೀಟರುಗಳ ಎತ್ತರದಲ್ಲಿ ವಾಯುವಿನ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಅಲ್ಲಿ ರೆಕ್ಕೆಗೆ ಹಿಡಿತವೂ ಕಡಮೆ, ಇಂಜಿನಿಗೆ ಉಸಿರೂ ಕಡಮೆ. ಆದುದರಿಂದ ಹೆಲಿಕಾಪ್ಟರಿಗೆ ಹೊರಿಸುವ ಪ್ರತಿಯೊಂದು ಹೊಸ ಕಾರ್ಯವೂ ಒಂದು ಭಾರವಾಗಿಯೇ ಬರುತ್ತದೆ: ಬಂದೂಕು ಇಟ್ಟರೆ ಒಬ್ಬ ಸೈನಿಕನ ಸ್ಥಳ ಹೋಯಿತು, ಉಕ್ಕಿನ ಹಲಗೆ ಹೊದಿಸಿದರೆ ಅಷ್ಟು ಇಂಧನ ಹೋಯಿತು, ಇಂಧನ ಹೆಚ್ಚಿಸಿದರೆ ಎತ್ತರ ಹೋಯಿತು. ಮನೆಯ ಜಮಾಖರ್ಚಿನಲ್ಲಿ ಸಾಲ ಮಾಡುವ ಅವಕಾಶವುಂಟು. ಈ ಲೆಕ್ಕದಲ್ಲಿ ಅದಿಲ್ಲ.

ಬೆಂಗಳೂರಿನ ಅಡಿಪಾಯ

ಬೆಂಗಳೂರಿನ ವಿಮಾನ ಕಾರ್ಖಾನೆಯ ಮೂಲವನ್ನು ಅರಸುವವರಿಗೆ ಪುಣೆಯ ಸಂಬಂಧವೂ ಕಾಣಸಿಗುತ್ತದೆ. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದವರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹೀರಾಚಂದರು. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ವಾಲಚಂದನಗರವು ಅವರ ಹೆಸರನ್ನೇ ಹೊತ್ತಿದೆ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸಂಸ್ಥಾನವು ನೆಲವನ್ನೂ ಬಂಡವಾಳದ ಪಾಲನ್ನೂ ಕೊಟ್ಟು ಈ ಸಾಹಸಕ್ಕೆ ಆಶ್ರಯವಿತ್ತಿತು. ಯುದ್ಧದ ಒತ್ತಡದಲ್ಲಿ ಅದು ಸರ್ಕಾರದ ಅಧೀನಕ್ಕೆ ಬಂದು, ಸ್ವಾತಂತ್ರ್ಯಾನಂತರ ಸ್ವದೇಶೀ ತರಬೇತಿ ವಿಮಾನವನ್ನು ನಿರ್ಮಿಸಿ, 1964ರ ಅಕ್ಟೋಬರ್ 1ರಂದು ಹಿಂದುಸ್ತಾನ್ ಏರೋನಾಟಿಕ್ಸ್ ಎಂಬ ಈಗಿನ ಹೆಸರನ್ನು ಪಡೆಯಿತು.

ಭಾರತೀಯ ವಾಯುಸೇನೆಗೆ ಹೆಲಿಕಾಪ್ಟರು ಬಂದುದು 1954ರಲ್ಲಿ. ಅಮೆರಿಕದ ಎಸ್-55 ಅದರ ಮೊದಲ ಯಂತ್ರ. ತರುವಾಯ ರಷ್ಯದ ಎಂಐ-4 ಬಂದಿತು. ಇವೆಲ್ಲ ಹೊರಗಿನಿಂದ ಕೊಂಡು ತಂದವು. 1962ರಲ್ಲಿ ಫ್ರಾನ್ಸಿನ ಸುದ್ ಏವಿಯಾಸಿಯೋನ್ ಸಂಸ್ಥೆಯಿಂದ ಅಲೂಯೆಟ್-3 ಎಂಬ ಹೆಲಿಕಾಪ್ಟರನ್ನು ಪರವಾನಗಿಯ ಮೇಲೆ ಬೆಂಗಳೂರಿನಲ್ಲಿ ನಿರ್ಮಿಸುವ ಒಪ್ಪಂದವಾಯಿತು. ಈ ಆಯ್ಕೆಗೆ ಬಲವಾದ ಕಾರಣವಿದ್ದಿತು. 1960ರಲ್ಲಿ ಈ ಯಂತ್ರವು ಹಿಮಾಚಲದ ದೇವ್ ಟಿಬ್ಬಾ ಶಿಖರದಲ್ಲಿ ಆರು ಸಾವಿರ ಮೀಟರುಗಳಿಗೂ ಮೇಲಿನ ಎತ್ತರದಲ್ಲಿ ಇಳಿದು ಮತ್ತೆ ಏರಿತ್ತು. 870 ಅಶ್ವಶಕ್ತಿಯನ್ನು ನೀಡಬಲ್ಲ ಇಂಜಿನಿನಿಂದ ಅದರ ಮೂರರಲ್ಲಿ ಎರಡು ಪಾಲಿನಷ್ಟನ್ನು ಮಾತ್ರ ತೆಗೆದುಕೊಳ್ಳುವಂತೆ ಮಿತಿಗೊಳಿಸಿದ್ದುದೇ ಈ ಸಾಮರ್ಥ್ಯದ ಗುಟ್ಟು. ತಗ್ಗಿನಲ್ಲಿ ಕೂಡಿಟ್ಟ ಶಕ್ತಿಯು, ಎತ್ತರದಲ್ಲಿ ಇಂಜಿನು ದುರ್ಬಲವಾಗುವಾಗ ಒದಗಿಬರುತ್ತಿತ್ತು. 1965ರಲ್ಲಿ ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಯಂತ್ರ ಹಾರಿತು. ರಾಣಾ ಪ್ರತಾಪನ ಕುದುರೆಯ ನೆನಪಿಗಾಗಿ ಅದಕ್ಕೆ ಚೇತಕವೆಂದು ಹೆಸರಾಯಿತು. ಅಂದಿನಿಂದ ಈ ವರ್ಗದ ಮುನ್ನೂರಕ್ಕೂ ಹೆಚ್ಚು ಹೆಲಿಕಾಪ್ಟರುಗಳು ಬೆಂಗಳೂರಿನಿಂದ ಹೊರಬಿದ್ದಿವೆ.

1971: ಬೆಸುಗೆಯ ಶಸ್ತ್ರೀಕರಣ

ಚಾಲಕನೂ ಸೇರಿ ಏಳು ಮಂದಿ ಕೂಡಬಲ್ಲ ಈ ಹಗುರ ಯಂತ್ರವನ್ನು ಶಸ್ತ್ರಸಜ್ಜಿತವಾಗಿಸುವ ಯೋಚನೆ ಹೊಸದಾಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಫ್ರೆಂಚರು ಅಲ್ಜೀರಿಯದಲ್ಲಿ ತಮ್ಮ ಸಾಗಣೆಯ ಹೆಲಿಕಾಪ್ಟರುಗಳಿಗೆ ಬಂದೂಕುಗಳನ್ನೂ ಕ್ಷಿಪಣಿಗಳನ್ನೂ ಕಟ್ಟಿ ನೋಡಿದ್ದರು. ಭಾರತದ ನೆರೆಯಲ್ಲಿ ಇದರ ಪ್ರತ್ಯಕ್ಷ ನಿದರ್ಶನವು 1971ರಲ್ಲಿ ದೊರೆಯಿತು.

ಬಾಂಗ್ಲಾದೇಶದ ವಿಮೋಚನೆಗಾಗಿ ಹೋರಾಡುತ್ತಿದ್ದ ಬಂಗಾಳಿ ವೈಮಾನಿಕರಿಗೆ ಭಾರತವು ನಾಗಾಲ್ಯಾಂಡಿನ ದೀಮಾಪುರದಲ್ಲಿ ಮೂರು ವಾಯುಯಾನಗಳನ್ನು ಒದಗಿಸಿತು: ಒಂದು ಡಕೋಟಾ, ಒಂದು ಆಟರ್ ವಿಮಾನ, ಒಂದು ಅಲೂಯೆಟ್ ಹೆಲಿಕಾಪ್ಟರು. ‘ಕಿಲೋ ಫ್ಲೈಟ್’ ಎಂದು ಪ್ರಸಿದ್ಧವಾದ ಈ ಪುಟ್ಟ ದಳದ ಹೆಲಿಕಾಪ್ಟರಿನ ಪಕ್ಕಗಳಲ್ಲಿ ಹದಿನಾಲ್ಕು ರಾಕೆಟ್ಟುಗಳನ್ನು ಹಾರಿಸುವ ಕೊಳವೆಗಳನ್ನೂ ಮಷೀನ್‌ಗನ್ನನ್ನೂ ಅಳವಡಿಸಲಾಯಿತು. ಕೆಳಗಿನಿಂದ ಬರುವ ಗುಂಡುಗಳನ್ನು ತಡೆಯಲೆಂದು ನೆಲಹಾಸಿಗೆ ಸುಮಾರು ಒಂದು ಅಂಗುಲ ದಪ್ಪದ ಉಕ್ಕಿನ ಹಲಗೆಗಳನ್ನು ಬೆಸೆಯಲಾಯಿತು. 1971ರ ಡಿಸೆಂಬರ್ 3ರ ರಾತ್ರಿ ಇದೇ ಹೆಲಿಕಾಪ್ಟರು ನಾರಾಯಣಗಂಜದ ಸಮೀಪದ ಗೋದನೈಲಿನ ಇಂಧನ ಸಂಗ್ರಹದ ಮೇಲೆ ದಾಳಿಮಾಡಿ ಅದಕ್ಕೆ ಬೆಂಕಿಯಿಟ್ಟಿತು. ಸಮತಟ್ಟಾದ, ಸಮುದ್ರಮಟ್ಟಕ್ಕೆ ಸಮೀಪವಾದ ಬಂಗಾಳದ ಬಯಲಾಗಿದ್ದುದರಿಂದ, ರಾತ್ರಿಯ ಕತ್ತಲೆಯಿದ್ದುದರಿಂದ, ಗುರಿಯೂ ಅಲುಗದ ಗುರಿಯಾಗಿದ್ದುದರಿಂದ, ಈ ಸಾಹಸವು ಸಫಲವಾಯಿತು. ಉಕ್ಕಿನ ಭಾರವನ್ನು ಹೊರುವಷ್ಟು ದಟ್ಟವಾದ ಗಾಳಿ ಅಲ್ಲಿದ್ದಿತು.

ಅದೇ ಯುದ್ಧದಲ್ಲಿ ಹೆಲಿಕಾಪ್ಟರಿನ ಇನ್ನೊಂದು ಮುಖವೂ ಬೆಳಕಿಗೆ ಬಂದಿತು. ಪಾಕಿಸ್ತಾನೀ ಸೈನ್ಯವು ಆಶುಗಂಜದಲ್ಲಿ ಮೇಘನಾ ನದಿಯ ಸೇತುವೆಯನ್ನು ಕೆಡವಿದಾಗ, ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗರು ಡಿಸೆಂಬರ್ 9ರಿಂದ ಎಂಐ-4 ಹೆಲಿಕಾಪ್ಟರುಗಳ ಮೂಲಕ ತಮ್ಮ ಪಡೆಗಳನ್ನು ನದಿಯಾಚೆಗೆ ದಾಟಿಸಿದರು. ಢಾಕಾದ ಮಾರ್ಗ ತೆರೆಯಿತು. ಇಲ್ಲಿ ಹೆಲಿಕಾಪ್ಟರು ಗುಂಡು ಹಾರಿಸಿ ಗೆದ್ದುದಲ್ಲ; ಮನುಷ್ಯರನ್ನು ಬೇಕಾದ ಕಡೆ ಬೇಕಾದ ಹೊತ್ತಿಗೆ ಇಳಿಸಿ ಗೆದ್ದುದು. ಸಾಗಣೆಯು ಶಸ್ತ್ರಕ್ಕೆ ಕಡಮೆಯಾದ ಕಾರ್ಯವಲ್ಲವೆಂಬುದು ಈ ಪ್ರಸಂಗದಿಂದ ಸಿದ್ಧವಾಗುತ್ತದೆ.

ನೌಕಾಸೇನೆಯಲ್ಲಿಯೂ ಚೇತಕವು ವಿಧವಿಧವಾದ ವೇಷಗಳನ್ನು ಧರಿಸಿತು. 1972ರಲ್ಲಿ ಸೇವೆಗೆ ಸೇರಿದ ನೀಲಗಿರಿ ಹಾಗೂ ಅದೇ ವರ್ಗದ ಯುದ್ಧನೌಕೆಗಳ ಮೇಲೆ ನಿಂತು, ಶತ್ರುವಿನ ಜಲಾಂತರ್ಗಾಮಿಯತ್ತ ಟಾರ್ಪಿಡೊ ಒಯ್ದು ಬೀಳಿಸುವ ಕಾರ್ಯಕ್ಕೆ ಅದು ಸಿದ್ಧವಾಯಿತು. ಅದೇ ಯಂತ್ರವು ಸಮುದ್ರಕ್ಕೆ ಬಿದ್ದವರನ್ನು ಹಗ್ಗದಿಂದ ಮೇಲಕ್ಕೆಳೆಯುವುದಕ್ಕೂ ಬಂದಿತು. ಆದರೆ ಟಾರ್ಪಿಡೊ ಹೊತ್ತಾಗ ಜಲಾಂತರ್ಗಾಮಿಯನ್ನು ಹುಡುಕುವ ಉಪಕರಣಗಳನ್ನು ಹೊರಲು ಅದಕ್ಕೆ ಶಕ್ತಿಯಿರಲಿಲ್ಲ. ಹುಡುಕುವ ಕೆಲಸ ನೌಕೆಯದು, ಹೊಡೆಯುವ ಕೆಲಸ ಹೆಲಿಕಾಪ್ಟರಿನದು ಎಂಬ ಹಂಚಿಕೆಯಿಂದಲೇ ಅದು ಸಾಧ್ಯವಾಗಿತ್ತು.

ಸಿಯಾಚಿನ್: ಎತ್ತರದ ಬೆಲೆ

ಹಿಮಾಲಯದ ಅಗತ್ಯಗಳಿಗೆ ಚೇತಕವೂ ಸಾಲದೆನಿಸಿದಾಗ ಭಾರತದ ಬೇಡಿಕೆಯ ಮೇರೆಗೆ ಫ್ರೆಂಚರು ಒಂದು ಹೊಸ ಹೆಲಿಕಾಪ್ಟರನ್ನು ರಚಿಸಿದರು. ಅಲೂಯೆಟ್-2ರ ಹಗುರವಾದ ಮೈಗೆ ಅಲೂಯೆಟ್-3ರ ಬಲವಾದ ಇಂಜಿನನ್ನೂ ರೆಕ್ಕೆಗಳನ್ನೂ ಜೋಡಿಸುವುದೇ ಅದರ ಸೂತ್ರ. 1969ರ ಮಾರ್ಚಿನಲ್ಲಿ ಅದು ಮೊದಲು ಹಾರಿತು. ಫ್ರಾನ್ಸಿನಲ್ಲಿ ಲಾಮಾ, ಬೆಂಗಳೂರಿನಲ್ಲಿ ಚೀತಾ ಎಂದು ಹೆಸರಾಯಿತು. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಚಾಲಕನು ಲಾಮಾದಲ್ಲಿ 12,442 ಮೀಟರುಗಳ ಎತ್ತರಕ್ಕೇರಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಶಿಖರದಲ್ಲಿ ಇಂಜಿನು ನಂದಿಹೋಗಲು, ಗಾಳಿಯ ಬಲದಿಂದಲೇ ತಿರುಗುವ ರೆಕ್ಕೆಗಳನ್ನು ನಂಬಿ ನೆಲಕ್ಕಿಳಿದನು.

ಚೀತಾದ ನಿಜವಾದ ಪರೀಕ್ಷೆ ನಡೆದುದು ಸಿಯಾಚಿನ್ ಹಿಮನದಿಯ ಮೇಲೆ. 1984ರ ಏಪ್ರಿಲ್ 13ರಂದು ‘ಮೇಘದೂತ’ ಕಾರ್ಯಾಚರಣೆಯ ಆರಂಭದಲ್ಲಿ, ಕುಮಾವೂ ರೆಜಿಮೆಂಟಿನ ಒಂದು ತುಕಡಿಯನ್ನು ಬಿಲಾಫೊಂಡ್ ಕಣಿವೆಯ ಸಮೀಪಕ್ಕೆ ಚೀತಾ ಹೆಲಿಕಾಪ್ಟರುಗಳು ಕೆಲವರನ್ನು ಕೆಲವರನ್ನಾಗಿ ಒಯ್ದು ಇಳಿಸಿದವು. ಅಂದಿನಿಂದ ಆ ಹಿಮದ ನೆಲೆಗಳ ಜೀವನಾಡಿ ಈ ಪುಟ್ಟ ಯಂತ್ರವೇ ಆಯಿತು. ಅತ್ಯುನ್ನತವಾದ ಠಾಣೆಗಳಿಗೆ ಅದು ಒಂದೊಂದು ಸಲಕ್ಕೆ ಒಯ್ಯಬಲ್ಲುದು ಒಂದೆರಡು ಡಬ್ಬಿ ಸೀಮೆಎಣ್ಣೆಯಷ್ಟು ಭಾರ ಮಾತ್ರ. ಅಷ್ಟಕ್ಕಾಗಿ ಜೋಡಿಜೋಡಿಯಾಗಿ ಹೆಲಿಕಾಪ್ಟರುಗಳು ಹಾರಬೇಕು; ಒಂದು ಬಿದ್ದರೆ ಇನ್ನೊಂದು ಅದರ ನೆರವಿಗೆ ಬರಬೇಕು. ಇಲ್ಲಿ ಬಂದೂಕಿನ ಮಾತಿಗೆ ಅವಕಾಶವೇ ಇಲ್ಲ. ಬೇಡವಾದ ಪ್ರತಿಯೊಂದು ವಸ್ತುವನ್ನೂ ಕಳಚಿಟ್ಟು ಹಾರುವುದೇ ಇಲ್ಲಿಯ ನಿಯಮ.

ಈ ಹಾರಾಟಗಳು ಕನ್ನಡನಾಡಿನ ಮನೆಗಳಿಗೆ ಎಷ್ಟು ಹತ್ತಿರದವೆಂಬುದು 2016ರಲ್ಲಿ ಎಲ್ಲರಿಗೂ ತಿಳಿದುಬಂದಿತು. ಆ ವರ್ಷದ ಫೆಬ್ರವರಿ 3ರಂದು ಸಿಯಾಚಿನ್ನಿನ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು, ಮದರಾಸು ರೆಜಿಮೆಂಟಿನ ಹತ್ತು ಮಂದಿ ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಆರು ದಿನಗಳ ತರುವಾಯ ಹಿಮದಡಿಯಿಂದ ಸಜೀವವಾಗಿ ದೊರೆತರು. ಹೆಲಿಕಾಪ್ಟರು ಅವರನ್ನು ಕೆಳಕ್ಕೆ ತಂದಿತು. ಅಲ್ಲಿಂದ ವಿಮಾನವು ದೆಹಲಿಯ ಸೈನಿಕ ಆಸ್ಪತ್ರೆಗೆ ಒಯ್ದಿತು. ನಾಡಿಗೆ ನಾಡೇ ಅವರ ಉಸಿರಿಗಾಗಿ ಕಾತರಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಹಾಸನ ಮತ್ತು ಮೈಸೂರು ಜಿಲ್ಲೆಗಳ ಯೋಧರೂ ಆ ಹತ್ತು ಮಂದಿಯಲ್ಲಿದ್ದರು. ಇಂಥ ಎತ್ತರದಲ್ಲಿ ಹೆಲಿಕಾಪ್ಟರಿನ ಭಾರದ ಲೆಕ್ಕವು ಕೇವಲ ಶಾಸ್ತ್ರದ ಚರ್ಚೆಯಾಗಿ ಉಳಿಯುವುದಿಲ್ಲ. ಯಾರನ್ನು, ಎಷ್ಟು ಹೊತ್ತಿಗೆ ಕೆಳಕ್ಕೆ ತರಬಹುದೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಕಾರ್ಗಿಲ್: ಒಂದು ಕಠಿಣ ಪಾಠ

ಬಂಗಾಳದ ಬಯಲಿನಲ್ಲಿ ಫಲಿಸಿದ ಉಪಾಯವು ಪರ್ವತದಲ್ಲಿ ಫಲಿಸುವುದೆಂದು ಹೇಳಲಾಗದೆಂಬುದು 1999ರಲ್ಲಿ ದುಃಖದ ಮೂಲಕ ಸ್ಪಷ್ಟವಾಯಿತು. ಕಾರ್ಗಿಲಿನ ಎತ್ತರಗಳಲ್ಲಿ ಭಾರತದ ಬಳಿಯಿದ್ದ ರಷ್ಯದ ಭಾರವಾದ ದಾಳಿ ಹೆಲಿಕಾಪ್ಟರುಗಳು ಕೆಲಸಮಾಡಲಾರದಾದವು. ಆದುದರಿಂದ ಸೈನಿಕರನ್ನೂ ಸರಕನ್ನೂ ಒಯ್ಯಲು ಮಾಡಿದ ಎಂಐ-17 ಹೆಲಿಕಾಪ್ಟರುಗಳಿಗೆ ರಾಕೆಟ್ಟುಗಳನ್ನು ತೊಡಿಸಿ ಮೇ ತಿಂಗಳಲ್ಲಿ ದಾಳಿಗೆ ಕಳುಹಿಸಲಾಯಿತು. ಮೇ 28ರಂದು ತೋಲೋಲಿಂಗ್ ಪ್ರದೇಶದಲ್ಲಿ ಅವುಗಳಲ್ಲೊಂದನ್ನು ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಯು ಹೊಡೆದುರುಳಿಸಿತು. ಅದರಲ್ಲಿದ್ದ ನಾಲ್ವರೂ ಮಡಿದರು. ಶಾಖವನ್ನು ಅರಸಿ ಬರುವ ಕ್ಷಿಪಣಿಯನ್ನು ವಂಚಿಸಲು ಹೊರಚೆಲ್ಲುವ ಉರಿಬತ್ತಿಗಳ ಸಾಧನವು ಆ ಯಂತ್ರದಲ್ಲಿರಲಿಲ್ಲ. ಆ ದಿನದ ಅನಂತರ ಎಂಐ-17ಗಳನ್ನು ದಾಳಿಯ ಕಾರ್ಯದಿಂದ ಹಿಂತೆಗೆಯಲಾಯಿತು. ಅವು ತಮ್ಮ ಸಹಜವಾದ ಸಾಗಣೆಯ ಕೆಲಸಕ್ಕೆ ಮರಳಿದವು.

ಆ ವೈಮಾನಿಕರ ಧೈರ್ಯವು ಪ್ರಶ್ನಾತೀತವಾದುದು. ವಿಚಾರಮಾಡಬೇಕಾದುದು ಯಂತ್ರದ ವಿಷಯ. ಶಸ್ತ್ರವನ್ನು ಕಟ್ಟಿದ ಮಾತ್ರಕ್ಕೆ ಸಾಗಣೆಯ ಹೆಲಿಕಾಪ್ಟರು ಯೋಧನಾಗುವುದಿಲ್ಲ. ಅಗಲವಾದ ಮೈಯಿಂದ ಅದು ಸುಲಭವಾದ ಗುರಿಯಾಗುತ್ತದೆ. ತೆಳುಗಾಳಿಯಲ್ಲಿ ಥಟ್ಟನೆ ತಿರುಗಲಾರದು. ಶತ್ರುವನ್ನು ದೂರದಿಂದ ಕಾಣುವ ಕಣ್ಣಾಗಲಿ, ಬರುವ ಅಪಾಯವನ್ನು ತಿಳಿಸುವ ಕಿವಿಯಾಗಲಿ ಅದಕ್ಕಿಲ್ಲ. ಶಸ್ತ್ರ, ದೃಷ್ಟಿ, ಆತ್ಮರಕ್ಷಣೆ, ಎತ್ತರ ಈ ನಾಲ್ಕೂ ಒಟ್ಟಿಗೆ ಕೂಡಿಬರಬೇಕು; ಹಾಗೆ ಕೂಡಿಬರಬೇಕಾದರೆ ಆ ಕಾರ್ಯವನ್ನು ರಚನೆಯ ಆರಂಭದಲ್ಲಿಯೇ ಯೋಚಿಸಿರಬೇಕು.

ಧ್ರುವ: ನಾಲ್ಕು ಒಡೆಯರ ಸೇವಕ

ಇಂಥ ಪೂರ್ವಯೋಚನೆಯ ಯತ್ನವೊಂದು ಬೆಂಗಳೂರಿನಲ್ಲಿ ಆ ವೇಳೆಗಾಗಲೇ ನಡೆದಿತ್ತು. 1984ರಲ್ಲಿ ಜರ್ಮನಿಯ ಎಂಬಿಬಿ ಸಂಸ್ಥೆಯ ಸಹಕಾರದಿಂದ ಆರಂಭವಾದ ಉನ್ನತ ಲಘು ಹೆಲಿಕಾಪ್ಟರು ಯೋಜನೆಯ ಮೊದಲ ಯಂತ್ರವು 1992ರ ಆಗಸ್ಟ್ 20ರಂದು ಬೆಂಗಳೂರಿನ ಆಕಾಶದಲ್ಲಿ ಹಾರಿತು. ಧ್ರುವವೆಂದು ನಾಮಕರಣಗೊಂಡ ಇದು ಐದೂವರೆ ಟನ್ ವರ್ಗದ್ದು, ಎರಡು ಇಂಜಿನುಗಳುಳ್ಳದ್ದು. ಇದರ ನಾಲ್ಕು ರೆಕ್ಕೆಗಳು ಸಂಯುಕ್ತವಸ್ತುಗಳಿಂದ ಮಾಡಿದವು.

ಧ್ರುವಕ್ಕೆ ಒಡೆಯರು ನಾಲ್ವರು: ಭೂಸೇನೆ, ವಾಯುಸೇನೆ, ನೌಕಾಸೇನೆ, ಕರಾವಳಿ ರಕ್ಷಣಾಪಡೆ. ಪರ್ವತಗಳಲ್ಲಿ ಹಾರುವವರು ಹಗುರವಾದ, ಚಕ್ರವಿಲ್ಲದ ಲೋಹದ ಸ್ಕಿಡ್ಡುಗಳನ್ನು ಬಯಸಿದರು. ನೌಕೆಯ ಮೇಲೆ ಇಳಿಸುವವರು ಚಕ್ರಗಳನ್ನು ಬಯಸಿದರು. ಒಬ್ಬರಿಗೆ ಹೆಚ್ಚು ಎತ್ತರ ಬೇಕಾಯಿತು. ಇನ್ನೊಬ್ಬರಿಗೆ ಹಡಗಿನ ಗೂಡಿನೊಳಗೆ ಹಿಡಿಸುವಂತೆ ಮಡಚುವ ರೆಕ್ಕೆಗಳು ಬೇಕಾದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತಾಯಿತು ರಚನಾಕಾರರ ಸ್ಥಿತಿ. ಅವರು ಹಿಡಿದ ದಾರಿಯೆಂದರೆ, ಇಂಜಿನು, ಗೇರುಪೆಟ್ಟಿಗೆ, ರೆಕ್ಕೆಗಳಂಥ ಹೃದಯಭಾಗವನ್ನು ಎಲ್ಲರಿಗೂ ಒಂದೇ ಆಗಿರಿಸಿ, ಕಾಲು, ಕಣ್ಣು, ಕೈಗಳಂಥ ಹೊರಗಿನ ಅಂಗಗಳನ್ನು ಆಯಾ ಕಾರ್ಯಕ್ಕೆ ತಕ್ಕಂತೆ ಬದಲಿಸುವುದು. ಈ ಉಪಾಯ ಬಹುಮಟ್ಟಿಗೆ ಯಶಸ್ವಿಯಾಯಿತು, ಎಲ್ಲೆಡೆಯೂ ಅಲ್ಲ. ರೆಕ್ಕೆಗಳನ್ನು ಸಾಕಷ್ಟು ಸಂಕುಚಿತವಾಗಿ ಮಡಚುವ ತೊಡಕಿನಿಂದ, ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಹಡಗಿನ ಹೆಲಿಕಾಪ್ಟರಾಗಿ ನೌಕಾಸೇನೆಯು ಧ್ರುವವನ್ನು ಸ್ವೀಕರಿಸಲಿಲ್ಲ.

ರಾಜಕಾರಣವೂ ಅಡ್ಡಬಂದಿತು. 1998ರ ಮೇ ತಿಂಗಳ ಪೋಖರಣ ಅಣುಪರೀಕ್ಷೆಗಳ ತರುವಾಯ ಅಮೆರಿಕವು ನಿರ್ಬಂಧಗಳನ್ನು ಹೇರಿದುದರಿಂದ, ಧ್ರುವಕ್ಕೆ ಉದ್ದೇಶಿಸಿದ್ದ ಅಮೆರಿಕನ್ ಮೂಲದ ಇಂಜಿನು ದೊರೆಯಲಿಲ್ಲ. ಫ್ರಾನ್ಸಿನ ಟರ್ಬೊಮೆಕಾ ಇಂಜಿನಿನಿಂದ ಕೆಲಸ ಮುಂದುವರಿಯಿತು. ಅನಂತರ ಅದೇ ಸಂಸ್ಥೆಯೊಡನೆ ಕೂಡಿ ರೂಪಿಸಿದ ಹೆಚ್ಚು ಬಲವುಳ್ಳ ‘ಶಕ್ತಿ’ ಇಂಜಿನು ಧ್ರುವದ ಮೂರನೆಯ ಆವೃತ್ತಿಯಲ್ಲಿ ಬಂದಿತು. 2002ರಲ್ಲಿ ಧ್ರುವಗಳು ಸೇವೆಗೆ ಸೇರತೊಡಗಿದವು. ಅಂದಿನಿಂದ ಅವು ಹಿಮಾಲಯದ ಠಾಣೆಗಳಿಗೆ ಸರಕನ್ನೊಯ್ದಿವೆ, 2013ರ ಉತ್ತರಾಖಂಡದ ಪ್ರಳಯದಲ್ಲಿ ಸಿಕ್ಕಿಬಿದ್ದ ಯಾತ್ರಿಕರನ್ನು ಕಾಪಾಡಿವೆ, ಕಡಲತೀರದ ಕಾವಲು ಕಾದಿವೆ.

ಬಹುಕಾರ್ಯದ ಅತ್ಯಂತ ವಿಶಿಷ್ಟವಾದ ನಿದರ್ಶನ ಗೋವೆಯಲ್ಲಿ ದೊರೆಯುತ್ತದೆ. 2021ರ ಏಪ್ರಿಲ್ 19ರಂದು ಅಲ್ಲಿಯ ಹನ್ಸಾ ನೌಕಾವಿಮಾನ ನೆಲೆಯಲ್ಲಿ ಸೇವೆಗೆ ಸೇರಿದ ಧ್ರುವದ ಮೂರನೆಯ ಆವೃತ್ತಿಯ ಹೆಲಿಕಾಪ್ಟರುಗಳಲ್ಲಿ ಸಮುದ್ರವೀಕ್ಷಣೆಯ ರಾಡಾರೂ ಇದೆ, ಭಾರವಾದ ಮಷೀನ್‌ಗನ್ನೂ ಇದೆ. ಬೇಕಾದಾಗ ಜೋಡಿಸಿ, ಬೇಡವಾದಾಗ ಕಳಚಿಡಬಹುದಾದ ತೀವ್ರಚಿಕಿತ್ಸಾ ಘಟಕವೂ ಇದೆ. ಈ ಕಳಚುವ ಗುಣವೇ ಮುಖ್ಯವಾದುದು. ಎಲ್ಲವನ್ನೂ ಎಲ್ಲ ಕಾಲದಲ್ಲಿಯೂ ಹೊರುವುದು ಬಹುಕಾರ್ಯವಲ್ಲ. ಹೊತ್ತಿಗೆ ಬೇಕಾದುದನ್ನು ಮಾತ್ರ ಹೊರುವುದು ಬಹುಕಾರ್ಯ.

ಈ ಸಂದರ್ಭದಲ್ಲಿ ಧರ್ಮಸೂಕ್ಷ್ಮವೊಂದನ್ನೂ ಮರೆಯಬಾರದು. 1949ರ ಜಿನೀವಾ ಒಡಂಬಡಿಕೆಯು ಕೇವಲ ಗಾಯಾಳುಗಳ ಮತ್ತು ವೈದ್ಯರ ಸಾಗಣೆಗೆಂದೇ ನಿಯುಕ್ತವಾದ, ಅದಕ್ಕೆ ತಕ್ಕ ಲಾಂಛನವನ್ನು ಧರಿಸಿದ ವಿಮಾನಗಳಿಗೆ ರಕ್ಷಣೆಯನ್ನು ವಿಧಿಸುತ್ತದೆ. ಬೆಳಗ್ಗೆ ಬಂದೂಕು ಹೊತ್ತು ಸಂಜೆ ಸ್ಟ್ರೆಚರು ಹೊರುವ ಹೆಲಿಕಾಪ್ಟರು ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಬಹುಕಾರ್ಯಕ್ಕೆ ತೆರಬೇಕಾದ ಬೆಲೆಗಳಲ್ಲಿ ಇದೂ ಒಂದು.

ರುದ್ರ ಮತ್ತು ಪ್ರಚಂಡ

ಧ್ರುವದ ನಾಲ್ಕನೆಯ ಆವೃತ್ತಿಯು ರುದ್ರ. 2007ರ ಆಗಸ್ಟಿನಲ್ಲಿ ಮೊದಲು ಹಾರಿ, 2013ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿಮಾನಪ್ರದರ್ಶನದ ವೇಳೆಗೆ ಭೂಸೇನೆಗೆ ಒಪ್ಪಿತವಾದ ಇದು ಬೆಸುಗೆಯ ಹಲಗೆಯ ಕಾಲದಿಂದ ಬಹುದೂರ ಸಾಗಿಬಂದಿತ್ತು. ಮೂತಿಯ ಕೆಳಗೆ ತಿರುಗುವ 20 ಮಿಲಿಮೀಟರಿನ ತೋಪು, 70 ಮಿಲಿಮೀಟರಿನ ರಾಕೆಟ್ಟುಗಳು, ಶತ್ರುವಿಮಾನವನ್ನು ಹೊಡೆಯುವ ಮಿಸ್ತ್ರಾಲ್ ಕ್ಷಿಪಣಿಗಳು, ಹಗಲಿರುಳು ನೋಡಬಲ್ಲ ವಿದ್ಯುತ್ ನೇತ್ರ, ಬರುವ ಕ್ಷಿಪಣಿಯ ಎಚ್ಚರಿಕೆ ಕೊಟ್ಟು ಉರಿಬತ್ತಿಗಳನ್ನು ಚೆಲ್ಲುವ ಸಾಧನ, ಇವೆಲ್ಲವೂ ಒಂದೇ ವ್ಯವಸ್ಥೆಯಾಗಿ ಅದರಲ್ಲಿ ಹೆಣೆದುಕೊಂಡಿವೆ. ಕಾರ್ಗಿಲಿನಲ್ಲಿ ಇಲ್ಲದೆ ಹೋದುದು ಇಲ್ಲಿದೆ. ಆದರೂ ರುದ್ರದ ಮೈ ಸಾಗಣೆಯ ಧ್ರುವದ ಮೈಯೇ. ಇಬ್ಬರು ಚಾಲಕರು ಅಕ್ಕಪಕ್ಕದಲ್ಲಿ ಕೂಡುತ್ತಾರೆ. ಹಿಂದೆ ಕೋಣೆಯ ಅಗಲ ಹಾಗೆಯೇ ಉಳಿದಿದೆ.

ಇದರ ಮುಂದಿನ ಹೆಜ್ಜೆಯೇ ಲಘು ಯುದ್ಧ ಹೆಲಿಕಾಪ್ಟರು. ಕಾರ್ಗಿಲಿನ ಅನುಭವವೇ ಇದಕ್ಕೆ ಪ್ರೇರಣೆ. ಧ್ರುವದ ಇಂಜಿನು, ಗೇರುಪೆಟ್ಟಿಗೆ, ರೆಕ್ಕೆಗಳನ್ನು ಉಳಿಸಿಕೊಂಡು, ಪ್ರಯಾಣಿಕರ ಕೋಣೆಯನ್ನು ತೆಗೆದುಹಾಕಿ, ಚಾಲಕರಿಬ್ಬರನ್ನು ಒಬ್ಬರ ಹಿಂದೊಬ್ಬರಂತೆ ಕೂಡಿಸಿ ರಚಿಸಿದ ಈ ಸಪೂರವಾದ ಯಂತ್ರವು 2010ರ ಮಾರ್ಚ್ 29ರಂದು ಮೊದಲು ಹಾರಿತು. 2015ರಲ್ಲಿ ಸಿಯಾಚಿನ್ನಿನಲ್ಲಿ ಇಳಿದು ತನ್ನ ಯೋಗ್ಯತೆಯನ್ನು ತೋರಿತು. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ‘ಪ್ರಚಂಡ’ವೆಂಬ ಹೆಸರಿನಿಂದ ವಾಯುಸೇನೆಗೆ ಸೇರಿತು. 2025ರ ಮಾರ್ಚ್ 28ರಂದು ಭೂಸೇನೆಗೆ 90, ವಾಯುಸೇನೆಗೆ 66, ಒಟ್ಟು 156 ಪ್ರಚಂಡಗಳಿಗಾಗಿ 62,700 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಇವು ಬೆಂಗಳೂರು ಮತ್ತು ತುಮಕೂರಿನಲ್ಲಿ ಸಿದ್ಧವಾಗಬೇಕಾಗಿವೆ.

ಅಮೆರಿಕದ ಇತಿಹಾಸವೂ ಇದೇ ಹಾದಿಯನ್ನು ಹಿಡಿದಿತ್ತೆಂಬುದು ಗಮನಾರ್ಹ. ವಿಯೆಟ್ನಾಮಿನಲ್ಲಿ ಸರ್ವೋಪಯೋಗಿಯಾದ ‘ಹ್ಯೂಯಿ’ ಹೆಲಿಕಾಪ್ಟರಿಗೆ ಬಂದೂಕು ಕಟ್ಟಿ ದಣಿದ ಬಳಿಕ, ಅದೇ ಇಂಜಿನು ಮತ್ತು ರೆಕ್ಕೆಗಳ ವ್ಯವಸ್ಥೆಗೆ ತೆಳ್ಳನೆಯ ಮೈಯನ್ನು ತೊಡಿಸಿ 1965ರಲ್ಲಿ ‘ಕೋಬ್ರಾ’ ಎಂಬ ದಾಳಿ ಹೆಲಿಕಾಪ್ಟರನ್ನು ರಚಿಸಲಾಯಿತು. ಹ್ಯೂಯಿಗೆ ಕೋಬ್ರಾ ಹೇಗೋ ಧ್ರುವಕ್ಕೆ ಪ್ರಚಂಡ ಹಾಗೆ. ಎರಡು ದೇಶಗಳು ಬೇರೆಬೇರೆ ಯುದ್ಧಗಳಲ್ಲಿ ಬೆಲೆ ತೆತ್ತು ಒಂದೇ ನಿರ್ಣಯಕ್ಕೆ ಬಂದವು: ಮೈ ಬೇರೆಯಾಗಬೇಕು, ಹೃದಯ ಒಂದೇ ಇರಬಹುದು.

ಒಂದೇ ಹೃದಯದ ಗಂಡಾಂತರ

ಆದರೆ ಹೃದಯವೊಂದೇ ಆದುದರಿಂದ ಆಗುವ ಲಾಭಗಳ ಬದಿಗೆ ಒಂದು ಗಂಡಾಂತರವೂ ನಿಂತಿದೆ. ಬಿಡಿಭಾಗಗಳ ಪೂರೈಕೆ ಸುಲಭ, ತಂತ್ರಜ್ಞರ ಶಿಕ್ಷಣ ಸುಲಭ, ಖರ್ಚು ಕಡಮೆ ಎಂಬ ಮಾತುಗಳೆಲ್ಲ ನಿಜವೇ. 2025ರ ಜನವರಿ 5ರಂದು ಕರಾವಳಿ ರಕ್ಷಣಾಪಡೆಯ ಧ್ರುವವೊಂದು ಗುಜರಾತಿನ ಪೋರಬಂದರದಲ್ಲಿ ಬಿದ್ದು ಮೂವರು ಸಾವನ್ನಪ್ಪಿದರು. ಚಾಲಕನ ಅಪ್ಪಣೆಯನ್ನು ತಿರುಗುವ ರೆಕ್ಕೆಗಳಿಗೆ ತಲುಪಿಸುವ ‘ಸ್ವಾಶ್‌ಪ್ಲೇಟ್’ ಎಂಬ ಭಾಗವು ಮುರಿದುದು ತನಿಖೆಯಲ್ಲಿ ಕಂಡುಬಂದಿತು. ಒಂದು ಭಾಗದ ದೋಷದ ಶಂಕೆಯಿಂದ ನಾಲ್ಕು ಪಡೆಗಳ ಸುಮಾರು 330 ಹೆಲಿಕಾಪ್ಟರುಗಳು ಒಮ್ಮೆಲೇ ನೆಲಹಿಡಿದವು. ಅವುಗಳಲ್ಲಿ ಸಾಗಣೆಯವೂ ಇದ್ದವು, ಶಸ್ತ್ರಧಾರಿಗಳೂ ಇದ್ದವು. ಭೂಸೇನೆ ಮತ್ತು ವಾಯುಸೇನೆಗಳ ಧ್ರುವಗಳು ಮತ್ತೆ ಹಾರಲು ಮೇ ತಿಂಗಳವರೆಗೆ ಕಾಯಬೇಕಾಯಿತು.

ಆ ತಿಂಗಳುಗಳಲ್ಲಿ ಹಿಮಾಲಯದ ಠಾಣೆಗಳ ಹೊರೆಯು ಮತ್ತೆ ಹಳೆಯ ಚೀತಾ, ಚೇತಕಗಳ ಮೇಲೆಯೂ ಬಿದ್ದಿತು. ಒಂದೇ ಕಂಬಕ್ಕೆ ಹಲವು ಮನೆಗಳ ಸೂರನ್ನು ಕಟ್ಟಿದಾಗ ಕಂಬದ ಪರೀಕ್ಷೆಯೂ ಹಲವು ಪಟ್ಟು ನಿಷ್ಠುರವಾಗಿರಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ. ತುಮಕೂರಿನಲ್ಲಿ ಕಟ್ಟುವ ಯಂತ್ರಗಳ ಪಾಲಿಗೆ ಇದು ಅತಿ ಮುಖ್ಯವಾದ ಎಚ್ಚರಿಕೆಯಾಗಿದೆ.

ಸಮಾರೋಪ

ಚೇತಕದಿಂದ ಪ್ರಚಂಡದವರೆಗಿನ ಈ ಆರು ದಶಕಗಳನ್ನು ಒಟ್ಟಿನಲ್ಲಿ ನೋಡಿದರೆ, ಬಹುಕಾರ್ಯದ ಕಲ್ಪನೆಯು ಮೂರು ಘಟ್ಟಗಳನ್ನು ದಾಟಿ ಬಂದಿರುವುದು ಕಾಣುತ್ತದೆ. ಕೈಗೆ ಸಿಕ್ಕ ಯಂತ್ರಕ್ಕೆ ಶಸ್ತ್ರವನ್ನು ಕಟ್ಟುವುದು ಮೊದಲನೆಯದು. ಹಲವು ಕಾರ್ಯಗಳನ್ನು ಮುಂದಾಗಿ ಯೋಚಿಸಿ ಒಂದು ಯಂತ್ರವನ್ನು ರಚಿಸುವುದು ಎರಡನೆಯದು. ಒಂದೇ ಹೃದಯದಿಂದ ಬೇರೆಬೇರೆ ಕಾರ್ಯಗಳಿಗೆ ಬೇರೆಬೇರೆ ಯಂತ್ರಗಳನ್ನು ಬೆಳೆಸುವುದು ಮೂರನೆಯದು. ಒಂದೊಂದು ಘಟ್ಟದ ಕೊನೆಗೂ ಪ್ರಾಣಹಾನಿಯೊಂದು ಗಡಿಗಲ್ಲಾಗಿ ನಿಂತಿರುವುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಲಾರ.

ಒಂದೇ ಇಂಜಿನಿನ, ಸುಮಾರು ಮೂರು ಟನ್ ತೂಕದ ಹೊಸ ಲಘು ಸರ್ವೋಪಯೋಗಿ ಹೆಲಿಕಾಪ್ಟರು 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಚೀತಾ, ಚೇತಕಗಳ ಉತ್ತರಾಧಿಕಾರಿಯಾಗಬೇಕಾದುದು ಅದೇ. ಅದರಿಂದ ಎಷ್ಟು ಬಗೆಯ ಕೆಲಸಗಳನ್ನು ಮಾಡಿಸಬಹುದೆಂಬ ಪಟ್ಟಿ ಉದ್ದವಾಗಿರುವುದು ಸಹಜ. ಆದರೆ ಸಿಯಾಚಿನ್ನಿನ ಠಾಣೆಯೊಂದರಲ್ಲಿ ಉಸಿರಿಗಾಗಿ ಹೋರಾಡುವ ಸೈನಿಕನಿಗೆ ಆ ಪಟ್ಟಿಯಲ್ಲಿ ಬೇಕಾದುದು ಒಂದೇ ಒಂದು ಸಾಲು: ಅವನಿರುವ ಎತ್ತರಕ್ಕೆ ಏರಿ, ಅವನನ್ನು ಹೊತ್ತು, ಸುರಕ್ಷಿತವಾಗಿ ಕೆಳಕ್ಕಿಳಿಯುವುದು. ಮಿಕ್ಕ ಎಲ್ಲ ಕಾರ್ಯಗಳೂ ಈ ಒಂದರ ಅನಂತರ ಬರತಕ್ಕವು.